ಉಳಿದುಹೋದ ಒಂದು ಸುತ್ತು

ಕೋವಿಡ್ ಕಾಟ ಮುಗಿದು ಕಾಲೇಜು ಮೈದಾನಗಳಲ್ಲಿ ಮತ್ತೆ ಸೀಟಿಯ ಸದ್ದು ಕೇಳಿಸತೊಡಗಿದ ಮೂರನೆಯ ವರ್ಷ. ನಾನಾಗ ದೇವದುರ್ಗದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಡಿ. ಸರ್. ನಿವೃತ್ತಿಗೆ ಐದು ತಿಂಗಳು ಬಾಕಿ ಇತ್ತು. ರಾಯಚೂರಿನ ನಮ್ಮ ಮನೆತನದಲ್ಲಿ ಗುಡಿಯ ಪೂಜೆ ಇಲ್ಲವೇ ಹೈಸ್ಕೂಲ್ ಮಾಸ್ತರಿಕೆ, ಈ ಎರಡು ಬಿಟ್ಟು ಬೇರೆ ಕಸುಬು ಹಿಡಿದವರಿರಲಿಲ್ಲ. ನಾನು ಕೊರಳಿಗೆ ಸೀಟಿ ಕಟ್ಟಿಕೊಂಡು ಹೊರಟಾಗ ನಮ್ಮಜ್ಜಿ, "ಇವನೊಬ್ಬ ಬಿಸಿಲಾಗ ಹುಟ್ಟಿದವ, ಬಿಸಿಲಾಗ ಇರ್ತಾನ ಬಿಡ್ರಿ" ಎಂದಿದ್ದಳು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹತ್ತಿ, ಕಲ್ಮಲ ದಾಟಿ, ದೇವದುರ್ಗದ ಬಿಸಿಲಿಗೆ ಮುಖ ಕೊಟ್ಟಿದ್ದೇನೆ. ಅಜ್ಜಿಯ ಮಾತು ಸುಳ್ಳಾಗಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಅಂತರ ಕಾಲೇಜು ಅಥ್ಲೆಟಿಕ್ಸ್ ನಡೆಸುವ ಜವಾಬ್ದಾರಿ ನಮ್ಮ ಕಾಲೇಜಿಗೆ ಬಂತು. ಮೂರು ದಿನದ ಕೂಟ. ನಮ್ಮಂಥ ಊರಿಗೆ ಇದು ಮಗಳ ಮದುವೆ ಇದ್ದಂತೆ. ಹದಿನೈದು ದಿನ ನಾನು ಮನೆಯಲ್ಲಿ ನೆಟ್ಟಗೆ ಊಟ ಮಾಡಿದ್ದು ನೆನಪಿಲ್ಲ. ಕಾಲೇಜಿನ ಹಿಂದಿನ ಮೈದಾನವನ್ನು ರೋಲರ್ ಹೊಡೆಸಿ, ಸುಣ್ಣದ ಗೆರೆ ಎಳೆಸಿ, ನೀರು ಹೊಡೆಸಿ ಸಜ್ಜು ಮಾಡಿದೆವು. ಒಂದೇ ಕೊರತೆ. ಪೂರ್ಣ ಪ್ರಮಾಣದ ಟ್ರ್ಯಾಕ್ ಅಂದರೆ ಒಂದು ಸುತ್ತಿಗೆ ನಾನೂರು ಮೀಟರ್ ಇರಬೇಕು. ನಮ್ಮ ಮೈದಾನದಲ್ಲಿ ಎಷ್ಟೇ ಎಳೆದಾಡಿದರೂ ಇನ್ನೂರರ ಮೇಲೆ ಹೋಗುತ್ತಿರಲಿಲ್ಲ. ಹಾಗಾಗಿ ಐದು ಸಾವಿರ ಮೀಟರ್ ಓಟಕ್ಕೆ ಬೇರೆಡೆ ಹನ್ನೆರಡೂವರೆ ಸುತ್ತು ಸಾಕಾದರೆ ನಮ್ಮಲ್ಲಿ ಇಪ್ಪತ್ತೈದು ಸುತ್ತು.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು ಹೇಳಬೇಕು. ದೂರದ ಓಟದಲ್ಲಿ ಓಡುವವರು ಸುತ್ತು ಎಣಿಸುವುದಿಲ್ಲ. ಅವರಿಗೆ ಉಸಿರು ಸಂಭಾಳಿಸುವುದೇ ಸಾಕಾಗಿರುತ್ತದೆ. ಎಣಿಸುವ ಕೆಲಸ ನಮ್ಮದು. ಅದಕ್ಕೆ ಲ್ಯಾಪ್ ಸ್ಕೋರರ್ ಎಂದು ಹೆಸರು. ನಾಲ್ವರು ಕಾಗದ ಹಿಡಿದು ಕೂರುತ್ತಾರೆ; ತಮ್ಮ ಪಾಲಿನ ಓಟಗಾರರು ಗೆರೆ ದಾಟಿದಾಗಲೆಲ್ಲ ಗಡಿಯಾರ ನೋಡಿ ಸಮಯ ಬರೆಯುತ್ತಾರೆ. ಅವರ ಮುಂದೆ ಮುಖ್ಯಸ್ಥನೊಬ್ಬ ಗೆರೆಯ ಮೇಲೆ ನಿಂತು, ಎಲ್ಲರಿಗಿಂತ ಮುಂದಿರುವವರಿಗೆ ಇನ್ನೆಷ್ಟು ಸುತ್ತು ಉಳಿದಿದೆ ಎಂಬುದನ್ನು ಬೋರ್ಡಿನಲ್ಲಿ ಅಂಕಿ ತಿರುವಿ ತೋರಿಸುತ್ತಾನೆ. ಒಂದು ಉಳಿದಾಗ ಗಂಟೆ ಬಾರಿಸುತ್ತಾನೆ. ಇನ್ನೂರು ಮೀಟರಿನ ಟ್ರ್ಯಾಕಿನಲ್ಲಿ ಮುಂದಿನವರು ಹಿಂದಿನವರನ್ನು ಒಂದೆರಡು ಸುತ್ತು ಹಿಂದೆ ಹಾಕಿ ಅವರ ನಡುವೆಯೇ ನುಗ್ಗಿ ಓಡುವುದರಿಂದ ಯಾರು ಎಷ್ಟನೆಯ ಸುತ್ತಿನಲ್ಲಿದ್ದಾರೆ ಎಂಬುದು ಕಲಸುಮೇಲೋಗರ. ಅಲ್ಲಿ ಕಣ್ಣು ರೆಪ್ಪೆ ಬಡಿಯಬಾರದು. ನಾನು ಆ ಮುಖ್ಯಸ್ಥ. ಇಷ್ಟು ವರ್ಷದಲ್ಲಿ ಒಂದು ಸುತ್ತೂ ತಪ್ಪಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಳ್ಳಬಾರದಿತ್ತು.

ಆ ಓಟದಲ್ಲಿ ನಮ್ಮ ಕಾಲೇಜಿನ ಮಾಳಮ್ಮ ಇದ್ದಳು. ಬಿ.ಎ. ಕೊನೆಯ ವರ್ಷ. ದೇವದುರ್ಗದಿಂದ ಒಂದು ತಾಸಿನ ದಾರಿಯ ಹಳ್ಳಿಯವಳು. ತಂದೆ ನಿಂಗಪ್ಪ ಕುರಿ ಮೇಯಿಸುವವನು. ಮೊದಲ ವರ್ಷ ಈ ಓಟದಲ್ಲಿ ನಾಲ್ಕನೆಯವಳಾದಳು, ಎರಡನೆಯ ವರ್ಷ ಮೂರನೆಯವಳು. ಮೊದಲ ಎರಡು ಸ್ಥಾನದವರನ್ನು ಮಾತ್ರ ವಿಶ್ವವಿದ್ಯಾಲಯದ ತಂಡಕ್ಕೆ ತೆಗೆದುಕೊಂಡು ಅಖಿಲ ಭಾರತ ಮಟ್ಟದ ಕೂಟಕ್ಕೆ ಕಳಿಸುತ್ತಾರೆ. ಆ ಪ್ರಮಾಣಪತ್ರ ಕೈಗೆ ಬಂದರೆ ಕ್ರೀಡಾ ಕೋಟಾದಲ್ಲಿ ಬಿ.ಪಿ.ಇಡಿ. ಸೀಟು ಸಿಗುವ ಸಂಭವ ಇತ್ತು. ಅಂದರೆ ನನ್ನಂತೆಯೇ ಪಿ.ಡಿ. ಆಗುವ ಓದು. "ನಾನೂ ನಿಮ್ಮಂಗ ಸೀಟಿ ಊದಬೇಕ್ರಿ ಸರ" ಎಂದು ಒಮ್ಮೆ ಹೇಳಿ, ತಾನೇ ನಾಚಿ ಓಡಿಹೋಗಿದ್ದಳು. ಮನೆಯಲ್ಲಿ ಮಾತು ನಿಶ್ಚಯವಾಗಿತ್ತು. ಸೀಟು ಸಿಕ್ಕರೆ ಓದು ಮುಂದುವರಿಸುವುದು, ಇಲ್ಲದಿದ್ದರೆ ಡಿಗ್ರಿಗೆ ಕೈಮುಗಿದು ಕುರಿಗಳ ಹಿಂದೆ ನಡೆಯುವುದು. ಅವಳಿಗೆ ಅದೇ ಕೊನೆಯ ಅವಕಾಶ.

ಕೂಟದ ಎರಡನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಓಟ ಶುರುವಾಯಿತು. ಹನ್ನೊಂದು ಜನ ಹುಡುಗಿಯರು. ಅವರಲ್ಲಿ ಮಾಳಮ್ಮನಿಗೆ ಸರಿಸಾಟಿ ಇಬ್ಬರೇ. ಮಾನ್ವಿಯ ಕಾಲೇಜಿನ ಮೇಧಾ, ರಾಯಚೂರು ನಗರದ ಒಂದು ಕಾಲೇಜಿನ ರೇಷ್ಮಾ. ಮಾಳಮ್ಮ ಎಂದಿನಂತೆ ಮೊದಲ ಸುತ್ತಿನಿಂದಲೇ ಮುಂದೆ ಹೋದಳು. ಯಾರದೋ ಹಿಂದೆ ಅವಿತು ಓಡಿ ಕೊನೆಗೆ ಮೇಲೆ ಬೀಳುವ ಜಾಣತನ ಆ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಬರಲಿಲ್ಲ. ವೇದಿಕೆಯಿಂದ ದೂರ, ಮೊದಲ ತಿರುವಿನ ಬೇವಿನ ಗಿಡದ ಕೆಳಗೆ ಕಂಬಳಿ ಹೊದ್ದು ಕುಳಿತವನೊಬ್ಬ ಕಾಣುತ್ತಿದ್ದ. ಅದು ನಿಂಗಪ್ಪ. ಮಗಳ ಓಟ ನೋಡಲು ಮೂರು ವರ್ಷದಲ್ಲಿ ಅದೇ ಮೊದಲ ಸಲ ಬಂದಿದ್ದ.

ಬೋರ್ಡಿನಲ್ಲಿ ಹದಿನಾಲ್ಕು ಇದ್ದಾಗ ಮುಖ್ಯ ಅತಿಥಿಗಳ ಕಾರು ಬಂತು. ಅವರು ಬರಬೇಕಾದದ್ದು ಹನ್ನೊಂದಕ್ಕೆ. ಬೇರೆ ಕಾರ್ಯಕ್ರಮ ಇದೆಯೆಂದು ಬೇಗ ಬಂದಿದ್ದರು, ಬೇಗ ಹೊರಡುವವರಿದ್ದರು. ನಿವೃತ್ತನಾಗಲಿರುವ ನನಗೆ ಅವರ ಕೈಯಿಂದ ಸನ್ಮಾನ ಮಾಡಿಸಬೇಕೆಂದು ಕಾಲೇಜಿನವರು ಮೊದಲೇ ನಿಶ್ಚಯಿಸಿದ್ದರು. ಪ್ರಿನ್ಸಿಪಾಲರು ಮೈಕಿನಲ್ಲೇ ಕರೆದರು. "ಆಚಾರ್ ಸರ್ ವೇದಿಕೆಗೆ ಬರಬೇಕು. ಸಾಹೇಬ್ರಿಗೆ ಟೈಮ್ ಇಲ್ಲ. ಐದೇ ನಿಮಿಷ."

ಹೋಗಬಾರದಿತ್ತು. ಓಟ ಮುಗಿಯಲಿ ಎಂದು ಕೈಸನ್ನೆ ಮಾಡಿದ್ದರೆ ಆಗುತ್ತಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಆ ಶಾಲು ಬೇಕಾಗಿತ್ತು. ಮೂವತ್ತೊಂದು ವರ್ಷ ಪರರ ಮಕ್ಕಳ ಕೊರಳಿಗೆ ಪದಕ ಹಾಕಿಸಿದವನ ಕೊರಳು ಒಂದು ಹಾರಕ್ಕೆ ಚಾಚಿಕೊಂಡಿತ್ತು. ಮಾಳಮ್ಮ ಗೆರೆ ದಾಟಿದೊಡನೆ ಹದಿಮೂರು ತಿರುವಿ, ಪಕ್ಕದಲ್ಲಿದ್ದ ವೀರೇಶನ ಕೈಗೆ ಬೋರ್ಡು ಕೊಟ್ಟೆ. ವೀರೇಶ ನಮ್ಮಲ್ಲಿ ಅತಿಥಿ ಉಪನ್ಯಾಸಕ. ಎರಡು ಮಕ್ಕಳ ತಂದೆ, ಶಿಸ್ತಿನ ಮನುಷ್ಯ. ಪ್ರತಿ ವರ್ಷ ಹೊಸದಾಗಿ ನೇಮಕವಾಗಬೇಕಾದ ನೌಕರಿ ಅವನದು. ಅವನ ಹೆಸರು ಮತ್ತೆ ಪಟ್ಟಿಗೆ ಸೇರಬೇಕಾದರೆ ನನ್ನಂಥ ಹಿರಿಯರ ಒಂದು ಒಳ್ಳೆಯ ಮಾತು ಬೇಕಾಗುತ್ತಿತ್ತು.

ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಫೋಟೊಗ್ರಾಫರ್ ಒಂದು ಸಲ ಸರಿ ಬರಲಿಲ್ಲವೆಂದು ಹಾರವನ್ನು ಇನ್ನೊಮ್ಮೆ ಹಾಕಿಸಿದ. ಮೈದಾನದವರೆಲ್ಲ ಇತ್ತ ತಿರುಗಿ ಚಪ್ಪಾಳೆ ಹೊಡೆದರು. ಸುತ್ತು ಬರೆಯುವ ನಾಲ್ವರಲ್ಲಿ ಮೂವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ನಮ್ಮಲ್ಲಿ ರೂಢಿ. ಹಿರಿಯರಿಗೆ ಸನ್ಮಾನ ನಡೆಯುವಾಗ ಕೂತಿರುವುದು ಮರ್ಯಾದೆಯಲ್ಲ. ಬೇರೆ ಕಾಲೇಜಿನ ಪಿ.ಡಿ.ಗಳು ಮೊಬೈಲ್ ಹಿಡಿದು ವೇದಿಕೆಯ ಮುಂದೆಯೇ ಇದ್ದರು. ಎಲ್ಲ ನನ್ನ ಮೇಲಿನ ಪ್ರೀತಿಗೆ.

ನಾಲ್ಕು ನಿಮಿಷದ ಮೇಲೆ ಸ್ವಲ್ಪ ಆಗಿರಬೇಕು, ಹೆಗಲ ಮೇಲಿನ ಶಾಲು ಸಮೇತ ಗೆರೆಗೆ ಓಡಿಬಂದೆ. ಮಾಳಮ್ಮ ಅದೇ ತಾನೇ ಗೆರೆ ದಾಟಿ ಹೋಗುತ್ತಿದ್ದಳು. ಬೋರ್ಡಿನಲ್ಲಿ ಎಂಟು ಇತ್ತು. ವೀರೇಶನ ಕೈ ಸುಮ್ಮನೆ ಬೋರ್ಡಿನ ಮೇಲಿತ್ತು. ಇವನು ತಿರುವುವುದನ್ನು ಮರೆತ ಎಂದುಕೊಂಡೆ. "ಎಲ್ಲಿ ಲಕ್ಷ್ಯ ಅದರೀ ನಿಮಗ?" ಎಂದು ಗದರಿ, ಅಂಕಿ ತಿರುವಿ ಏಳು ಮಾಡಿದೆ. ವೀರೇಶ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ.

ಅಲ್ಲಿಂದ ಮುಂದೆ ಎಲ್ಲ ಸುಸೂತ್ರ. ಗಂಟೆ ಬಾರಿಸಿದೆ. ಮಾಳಮ್ಮ ಕೊನೆಯ ಸುತ್ತನ್ನು ಹಲ್ಲು ಕಚ್ಚಿ ಓಡಿ, ಮೇಧಾಳಿಗಿಂತ ಹದಿನೈದು ಹೆಜ್ಜೆ ಮುಂದೆ ಬಂದು ಗೆರೆಯ ಆಚೆ ಬಿದ್ದಳು. ರೇಷ್ಮಾ ಮೂರನೆಯವಳು. ಸಮಯ ಇಪ್ಪತ್ತು ನಿಮಿಷ ನಾಲ್ಕು ಸೆಕೆಂಡ್. ನಾನು ಗಡಿಯಾರ ಹಿಡಿದವರ ಬಳಿ ಹೋಗಿ ಮತ್ತೆ ಕೇಳಿದೆ. ಮೂರೂ ಗಡಿಯಾರದಲ್ಲಿ ಅಷ್ಟೇ. ಅಭ್ಯಾಸದಲ್ಲಿ ಈ ಹುಡುಗಿ ಇಪ್ಪತ್ತೊಂದರ ಕೆಳಗೆ ಎಂದೂ ಬಂದವಳಲ್ಲ. ಕೂಟದ ಹಳೆಯ ದಾಖಲೆ ಹತ್ತೊಂಬತ್ತು ಸೆಕೆಂಡಿನಿಂದ ಮುರಿದುಹೋಗಿತ್ತು. ನನಗೆ ಎದೆ ತುಂಬಿ ಬಂತು. ಮೈಕ್ ಕಸಿದುಕೊಂಡು ನಾನೇ ಸಾರಿದೆ. ಹುಡುಗರು ಅವಳನ್ನು ಮೇಲಕ್ಕೆತ್ತಿ ಕುಣಿದರು. ಪ್ರಿನ್ಸಿಪಾಲರು ಪೇಢೆ ತರಿಸಿದರು. ಪತ್ರಿಕೆಯವರಿಗೆ ಸುದ್ದಿ, ಫೋಟೊ ಆ ಕ್ಷಣವೇ ಹೋಯಿತು. ನನ್ನ ಅನುಭವವೇ ಆ ಕಡಿಮೆಯಾದ ಐವತ್ತು ಚಿಲ್ಲರೆ ಸೆಕೆಂಡಿಗೆ ಸಂಶಯಪಡಬೇಕಿತ್ತು. ಆದರೆ ಹೆಗಲ ಮೇಲೆ ಶಾಲಿದ್ದಾಗ ಸಂಶಯ ಬರುವುದಿಲ್ಲ. ನನ್ನ ತರಬೇತಿಯ ಫಲ ಎಂದೇ ನಂಬಿದೆ.

ಊಟದ ಹೊತ್ತಿಗೆ ನಿಂಗಪ್ಪ ನನ್ನನ್ನು ಹುಡುಕಿಕೊಂಡು ಬಂದ. ಕೈಮುಗಿದು, ತುಸು ಸಂಕೋಚದಿಂದ ಕೇಳಿದ.

"ಸರ, ಉಳದ ಸುತ್ತು ಊಟ ಆದಮ್ಯಾಲ ಓಡಸ್ತೀರೇನ್ರಿ?"

"ಯಾವ ಸುತ್ತಪ್ಪ?"

"ಇಪ್ಪತ್ತೈದು ಅಂತ ಮಗಳು ಹೇಳಿದ್ಲು. ಇಪ್ಪತ್ನಾಕ ಆದ್ವಲ್ರಿ." ಅಂಗೈ ಬಿಚ್ಚಿದ. ಅದರಲ್ಲಿ ಒಂದು ಹರಳು, ಅಂದರೆ ಕಡಲೆಗಾತ್ರದ ಒಂದು ಸಣ್ಣ ಕಲ್ಲು. "ಇದೊಂದು ಕೈಯಾಗ ಉಳದದ ನೋಡ್ರಿ. ನಾ ಊರಿಗೆ ಹೋಗಬೇಕಾಗಿತ್ತು. ಅದಕ್ಕ ಕೇಳಿದೆ."

ನನಗೆ ನಗು ಬಂತು. ಬೋರ್ಡಿನ ಅಂಕಿ ಓದಲು ಬಾರದ ಕಾರಣ ಅವನು ಇಪ್ಪತ್ತೈದು ಹರಳು ಆರಿಸಿ ಎಡಗೈಯಲ್ಲಿ ಹಿಡಿದಿದ್ದನಂತೆ. ಮಗಳು ಗಿಡದ ಮುಂದೆ ಹಾದಾಗಲೆಲ್ಲ ಒಂದೊಂದನ್ನು ತೆಗೆದು ಕಂಬಳಿಯ ಮಡಿಕೆಗೆ ಹಾಕಿದ್ದಾನೆ. ಕುರಿಗಳನ್ನು ಹಟ್ಟಿಯಿಂದ ಬಿಡುವಾಗ, ಸಂಜೆ ತುಂಬಿಕೊಳ್ಳುವಾಗ ಅವರು ಲೆಕ್ಕ ಹಿಡಿಯುವ ರೀತಿಯೇ ಅದು. ಅಲ್ಲಿ ಇಪ್ಪತ್ತು ಕುರಿಗೆ ಒಂದು ಹರಳು. ನಾನು ಅವನ ಹೆಗಲು ತಟ್ಟಿ, "ಎಲ್ಲೋ ಒಂದು ತಪ್ಪಿರಬೇಕು ಬಿಡು ನಿಂಗಪ್ಪ, ಮಗಳು ದಾಖಲೆ ಮಾಡ್ಯಾಳ" ಎಂದೆ.

ಅವನಿಗೆ ಬೇಸರವೇನೂ ಆಗಲಿಲ್ಲ. "ಇರಬಹುದ್ರಿ. ಆದ್ರ ದಿನಾ ಎರಡು ಸಲ ಮುನ್ನೂರು ಕುರಿ ಎಣಸ್ತೀನ್ರಿ. ನಾ ತಪ್ಪಿದ್ರ ನನಗಿಂತ ಮೊದಲ ತೋಳಕ್ಕ ಗೊತ್ತಾಕ್ಕದ" ಎಂದ. ಮತ್ತೆ ನಗುತ್ತಲೇ, "ನೀವು ಮಾಲಿ ಹಾಕಿಸಿಕೊಳ್ಳಾಕ ಹೋಗಿದ್ರಲ್ರಿ, ಆವಾಗ ಐದು ಹಾಕೀನಿ. ಅದು ಸೈತ ನೆನಪದ" ಎಂದು ಸೇರಿಸಿದ.

ಐದು. ನಾನು ಹೋಗುವಾಗ ಬೋರ್ಡಿನಲ್ಲಿ ಹದಿಮೂರು ಇತ್ತು. ಐದು ಕಳೆದರೆ ಎಂಟು. ಬಂದಾಗ ಬೋರ್ಡಿನಲ್ಲಿ ಇದ್ದದ್ದೂ ಎಂಟೇ. ಅದನ್ನು ಏಳು ಮಾಡಿದ್ದು ನಾನು.

ಕಚೇರಿಗೆ ಹೋಗಿ ಸುತ್ತು ಬರೆದ ಕಾಗದ ತೆಗೆದೆ. ಮೂರು ಕಾಗದಗಳಲ್ಲಿ ಇಪ್ಪತ್ತೈದು ಸಾಲು ಭರ್ತಿಯಾಗಿದ್ದವು. ಆದರೆ ನಡುವಿನ ಐದಾರು ಸಾಲು ಒಂದೇ ಸಲಕ್ಕೆ, ಒಂದೇ ಒತ್ತಿನಲ್ಲಿ ಬರೆದದ್ದು ಕಣ್ಣಿಗೆ ಹೊಡೆಯುತ್ತಿತ್ತು. ಚಪ್ಪಾಳೆ ಮುಗಿಸಿ ಕೂತ ಮೇಲೆ ನನ್ನ ಬೋರ್ಡು ನೋಡಿ ತುಂಬಿಸಿದ್ದು. ನಾಲ್ಕನೆಯದು ಕೆಮಿಸ್ಟ್ರಿ ಮೇಡಂ ಬರೆದ ರೇಷ್ಮಾಳ ಕಾಗದ. ಮಂಡಿ ನೋವಿನವರು, ಸನ್ಮಾನಕ್ಕೆ ಎದ್ದಿರಲಿಲ್ಲ. ಪ್ರತಿ ಸುತ್ತಿಗೂ ಐವತ್ತು, ಐವತ್ತೊಂದು ಸೆಕೆಂಡಿನ ಅಂತರದಲ್ಲಿ ಇಪ್ಪತ್ತನಾಲ್ಕು ಸಾಲು. ಇಪ್ಪತ್ತೈದನೆಯದು ಖಾಲಿ. ತಾವೇ ಒಂದು ಬಿಟ್ಟಿರಬೇಕೆಂದು ಅವರು ಸುಮ್ಮನಾಗಿದ್ದರು.

ವೀರೇಶನನ್ನು ಕರೆಸಿದೆ. "ನಾ ಬಂದಾಗ ನೀವು ಆಗಲೇ ಎಂಟು ತಿರುವಿದ್ರೇನು?"

ಅವನು ನೆಲ ನೋಡಿದ. "ಹೌದ್ರಿ ಸರ. ಆಕಿ ಗೆರಿ ದಾಟಿದ ಕೂಡಲೆ ತಿರುವಿದ್ದೆ. ನೀವು ಬಂದು ಮತ್ತೊಮ್ಮೆ ತಿರುವಿದ್ರಿ."

"ಮತ್ತ ಯಾಕ ಹೇಳಲಿಲ್ಲ ಮಾರಾಯ?"

"ನೀವು ತಿರುವಿದಮ್ಯಾಲ ನಾ ಹೆಂಗ ಹೇಳ್ಲಿ ಸರ? ನಾನ ತಪ್ಪಿರಬೇಕು ಅನ್ಕೊಂಡೆ."

ಸರಿಯಾಗಿ ಎಣಿಸಿದವನನ್ನು ನಾನೇ ಗದರಿಸಿ ತಪ್ಪಿನ ಕಡೆಗೆ ತಳ್ಳಿದ್ದೆ. ಮೈದಾನದಲ್ಲಿದ್ದ ಅಷ್ಟೂ ಜನ ಓದಿದವರು ಒಬ್ಬ ಹಿರಿಯನ ಮೇಲಿನ ಗೌರವಕ್ಕೆ ಒಂದು ಸುತ್ತು ನುಂಗಿ ಕುಳಿತಿದ್ದರು.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. ಕೆಟ್ಟ ಮನುಷ್ಯನಲ್ಲ, ಕಾಲೇಜಿನ ಹೆಸರಿಗೆ ಅಂಜುವವರು. "ಆಚಾರ್‍ರೇ, ಹನ್ನೊಂದು ಮಂದಿನೂ ಅಷ್ಟೇ ಓಡ್ಯಾರ. ಮುಂದ ಬಂದಾಕಿ ಮುಂದ ಬಂದಾಳ. ಯಾರಿಗೂ ಅನ್ಯಾಯ ಆಗಿಲ್ಲ. ದಾಖಲೆ ಮಾತ್ರ ನಾಳೆ ಮೆಲ್ಲಕ ಕೈಬಿಟ್ರಾತು. ಐದು ತಿಂಗಳ ಸರ್ವಿಸ್ ಉಳಿದದ, ಯಾಕ ಮೈಮ್ಯಾಲ ಎಳಕೋತೀರಿ?"

ನಾನು ತಕ್ಷಣ ಇಲ್ಲವೆನ್ನಲಿಲ್ಲ. ಅರ್ಧ ತಾಸು ಆ ಕುರ್ಚಿಯಲ್ಲೇ ಕೂತೆ. ಅವರ ಮಾತಿನಲ್ಲಿ ಹುರುಳಿತ್ತು. ಬಾಯಿ ಮುಚ್ಚಿಕೊಂಡರೆ ಮಾಳಮ್ಮ ತಂಡಕ್ಕೆ ಹೋಗುತ್ತಾಳೆ. ಅವಳು ಗೆದ್ದಿದ್ದು ಮೋಸದಿಂದಲ್ಲ. ಬಾಯಿ ಬಿಟ್ಟರೆ ನಿಯಮದ ಪ್ರಕಾರ ಓಟವೇ ರದ್ದು, ಎಲ್ಲರೂ ಮರುದಿನ ಹೊಸದಾಗಿ ಓಡಬೇಕು. ಬೆಳಗಿನ ಓಟದಲ್ಲಿ ಹಿಮ್ಮಡಿ ಸುಲಿದುಹೋದ ಆ ಹುಡುಗಿ ಇನ್ನೊಮ್ಮೆ ಗೆಲ್ಲುತ್ತಾಳೆಂದು ಯಾರು ಹೇಳಬೇಕು? ಆದರೆ ಐದು ಸಾವಿರ ಓಡದೆ ಐದು ಸಾವಿರದ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುವುದು ಹೇಗೆ? ಕೊನೆಯ ಸುತ್ತಿನಲ್ಲಿ ಮೇಧಾ ಮುಂದೆ ಬರುತ್ತಿರಲಿಲ್ಲ ಎಂದು ಹೇಳುವವನು ನಾನು ಯಾರು? ಎದ್ದು ಹೋಗಿ ಮೈಕ್ ಹಿಡಿದೆ. ಬೋರ್ಡನ್ನು ಒಂದು ಅಂಕಿ ಹೆಚ್ಚು ತಿರುವಿದವನು ನಾನು, ಓಟ ರದ್ದಾಗಿದೆ, ನಾಳೆ ಏಳು ಗಂಟೆಗೆ ಮರುಓಟ ಎಂದೆ.

ಆಮೇಲೆ ಗದ್ದಲ ಎದ್ದಿತು. ಮಾನ್ವಿಯ ಪಿ.ಡಿ. ಹತ್ತಾರು ಕೂಟದಲ್ಲಿ ನನ್ನ ಜೊತೆ ಚಹಾ ಕುಡಿದವನು. ಎದುರಿಗೆ ಬಂದು ನಿಂತ. "ನಿಮ್ಮ ಹುಡುಗಿ, ನಿಮ್ಮ ಗ್ರೌಂಡು, ನಿಮ್ಮ ಬೋರ್ಡು. ಸುತ್ತು ಹೆಂಗ ಕಡಿಮಿ ಆತು ಅಂತ ನಮಗ ತಿಳಿಯಂಗಿಲ್ಲೇನ್ರಿ ಆಚಾರ್ ಸರ?" ಎಂದ. ನಾನು ಬೇಕೆಂದೇ ಮಾಡಿದೆನೆಂದು ಅವನ ಅರ್ಥ. ಸಿಕ್ಕಿಬಿದ್ದ ಕಳ್ಳನಂತೆ ನಿಂತೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. "ನಾಳೆ ಬೋರ್ಡು ನೀವ ಹಿಡೀರಿ" ಎಂದೆ.

ಅತ್ತ ಮಾಳಮ್ಮ ಅಪ್ಪನ ಬಾಯಿಂದಲೇ ಹರಳಿನ ಸಂಗತಿ ಕೇಳಿ ಅವನ ಮುಂದೆ ನಿಂತಿದ್ದಳು. ಕೊರಳಲ್ಲಿ ಹುಡುಗರು ಹಾಕಿದ ಚೆಂಡು ಹೂವಿನ ಹಾರ ಇನ್ನೂ ಇತ್ತು. "ಯಪ್ಪಾ, ನಿನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲವ್ವ. ಇನ್ನೊಂದು ಸುತ್ತು ಬಾಕಿ ಅದ ಅಂತ ತಿಳಕೊಂಡೆ." ನಿಂಗಪ್ಪ ನನ್ನ ಕಡೆ ತಿರುಗಿದ. ಮುಖ ಬೂದಿಯಾಗಿತ್ತು. "ಸರ, ನನ್ನ ಮಾತಿಗೆ ಇಷ್ಟೆಲ್ಲ ಆಕ್ಕದ ಅಂತ ಗೊತ್ತಿರಲಿಲ್ರಿ. ಆ ಒಂದ ಸುತ್ತು ಈಗ ಓಡಿದ್ರ ನಡಿಯಂಗಿಲ್ಲೇನ್ರಿ?"

ನಡೆಯುವುದಿಲ್ಲ ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಆಡಿದ ಅತ್ಯಂತ ಕಠೋರವಾದ ಮಾತು ಅದು.

"ಗೊತ್ತಿದ್ರ ಹೇಳತಿದ್ದಿಲ್ಲೇನು?" ಎಂದು ಮಗಳು ಕೇಳಿದಳು.

ನಿಂಗಪ್ಪ ಮಗಳ ಕಡೆ ತಿರುಗಿದ. "ಗೊತ್ತಿದ್ರೂ ಹೇಳತಿದ್ದೆನೋ ಏನೋವ್ವ. ಕಡಿಮಿ ಇದ್ದದ್ದು ಕಡಿಮಿನ ಅಲ್ಲ?" ಎಂದ. ಮಾಳಮ್ಮ ಹಾರ ತೆಗೆದು ಅವನ ಕೈಗೆ ಕೊಟ್ಟು, ಹಾಸ್ಟೆಲ್ ಕಡೆ ಕುಂಟುತ್ತ ನಡೆದಳು. ನನ್ನನ್ನು ಒಮ್ಮೆಯೂ ನೋಡಲಿಲ್ಲ.

ಮರುದಿನ ಚಳಿ ಇತ್ತು. ಗೆರೆಯ ಮೇಲೆ ಮಾನ್ವಿಯ ಪಿ.ಡಿ. ನಿಂತಿದ್ದ. ನಾನು ಅಧಿಕಾರಿಯ ಬ್ಯಾಡ್ಜ್ ತೆಗೆದಿಟ್ಟು ಪ್ರೇಕ್ಷಕರ ಸಾಲಿನಲ್ಲಿ ನಿಂತೆ. ನಿಂಗಪ್ಪ ಊರಿಗೆ ಹೋಗಿರಲಿಲ್ಲ. ಅವನ ಪಕ್ಕಕ್ಕೆ ಹೋಗಿ ನಿಂತಾಗ ಸರಿದು ಜಾಗ ಕೊಟ್ಟ. ಈ ಸಲ ಅವನು ಎಣಿಸಲಿಲ್ಲ. ಮಗಳ ಕಾಲನ್ನೇ ನೋಡುತ್ತಿದ್ದ. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಅವಳು ಮತ್ತೆ ಮೊದಲ ಸುತ್ತಿನಿಂದಲೇ ಮುಂದೆ ಹೋದಳು. ಹದಿನೇಳನೆಯ ಸುತ್ತಿನವರೆಗೆ ಮುಂದೆಯೇ ಇದ್ದಳು. ಹದಿನೆಂಟರಲ್ಲಿ ಮೇಧಾ ದಾಟಿಹೋದಳು. ಇಪ್ಪತ್ತನಾಲ್ಕನೆಯ ಸುತ್ತು ಮುಗಿಯುವಾಗ ಮಾಳಮ್ಮ ಇನ್ನೂ ಎರಡನೆಯವಳು. ನಾನು ಮನೆದೇವರಿಗೆ ಹರಕೆ ಹೊತ್ತೆ. ಗಂಟೆ ಹೊಡೆಯಿತು. ಆ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ರೇಷ್ಮಾ ಹೊರಗಿನಿಂದ ಬಂದು, ನಾಲ್ಕು ಹೆಜ್ಜೆಯಿಂದ ಅವಳನ್ನು ಹಿಂದೆ ಹಾಕಿದಳು.

ಹಿಂದಿನ ದಿನ ನಾನು ನುಂಗಿದ ಆ ಇಪ್ಪತ್ತೈದನೆಯ ಸುತ್ತಿನಲ್ಲೇ ಅವಳು ಸೋತಿದ್ದಳು. ಹಿಂದಿನ ದಿನ ಅದನ್ನು ಓಡಿಸಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಹದಿನೈದು ಹೆಜ್ಜೆ ಮುಂದಿದ್ದವಳು ಉಳಿದುಕೊಳ್ಳುತ್ತಿದ್ದಳು ಎಂದೇ ನನ್ನ ಮನಸ್ಸು ಹೇಳುತ್ತದೆ.

ಅವಳು ನೆಲಕ್ಕೆ ಕೂತು ಬಟ್ಟೆ ಬಿಚ್ಚುತ್ತಿದ್ದಳು. ನಾನು ಹತ್ತಿರ ಹೋದೆ. ಅವಳೇ ತಲೆ ಎತ್ತಿ ಕೇಳಿದಳು.

"ಇವತ್ತು ಇಪ್ಪತ್ತೈದು ಆದ್ವಲ್ರಿ ಸರ?"

"ಆದ್ವವ್ವ."

"ಹಂಗಿದ್ರ ಇದು ನಂದ" ಎಂದು ಮತ್ತೆ ಬಟ್ಟೆ ಬಿಚ್ಚತೊಡಗಿದಳು.

ಆಮೇಲೆ ನಾನು ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಬರೆದೆ. ತಪ್ಪು ನನ್ನದು, ಮೂರನೆಯವಳನ್ನೂ ತಂಡಕ್ಕೆ ಸೇರಿಸಿ ಎಂದೆ. ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ಅವರು ಹೇಳಿದ್ದು ಸರಿ. ಆ ವರ್ಷ ಮಾಳಮ್ಮನಿಗೆ ಬಿ.ಪಿ.ಇಡಿ. ಸೀಟು ಸಿಗಲಿಲ್ಲ. ನನ್ನ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಇದೇ ಪ್ರಸಂಗ ಹೇಳಿ, ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಹೊಗಳಿದರು. ಬೋರ್ಡು ಬಿಟ್ಟು ಹೋಗಿದ್ದು ಯಾಕೆಂಬುದನ್ನು ಒಬ್ಬರೂ ಹೇಳಲಿಲ್ಲ.

ನಿವೃತ್ತಿಯ ನಂತರ ಪಿಂಚಣಿ ಕಾಗದದ ಕೆಲಸಕ್ಕೆಂದು ದೇವದುರ್ಗಕ್ಕೆ ಹೋಗಿ ಮರಳುತ್ತಿದ್ದೆ. ಕಲ್ಮಲದ ಸಮೀಪ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಮಾನ್ವಿ ಕಡೆಯ ಗದ್ದೆಗಳಿಗೆ ಹೊರಟ ಹಿಂಡು. ಅದರ ಮುಂದೆ ಕೋಲು ಹಿಡಿದು ನಡೆಯುತ್ತಿದ್ದವಳು ಮಾಳಮ್ಮ. ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಎತ್ತಿ, "ಆರಾಮ ಇದ್ದೀರೇನ್ರಿ ಸರ?" ಎಂದು ಕೂಗಿದಳು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಇಳಿದು ಮಾತಾಡಿಸಬೇಕಿತ್ತು. ಇಳಿಯುವ ಧೈರ್ಯ ನನಗಾಗಲಿಲ್ಲ. ಕೈ ಎತ್ತಿದೆ, ಬಸ್ಸು ಹೊರಟಿತು.

ತಪ್ಪು ಒಪ್ಪಿಕೊಂಡರೆ ಅರ್ಧ ಪರಿಹಾರವಾಯಿತು ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಈಗ ಹೇಳುವುದಿಲ್ಲ. ಒಪ್ಪಿಕೊಂಡದ್ದರಿಂದ ನನಗೆ ಒಳ್ಳೆಯ ಹೆಸರು ಬಂತು, ಅಷ್ಟೇ. ಗೆರೆಯ ಮೇಲೆ ನಿಂತವನ ತಪ್ಪನ್ನು ತೀರಿಸುವವರು ಗೆರೆಯ ಒಳಗೆ ಓಡುವವರು. ಈ ಕಸುಬು ನನಗೆ ಕಲಿಸಿದ್ದು ಅದೊಂದೇ, ಅದೂ ತೀರ ತಡವಾಗಿ. ನಾನು ಬಿಟ್ಟ ಒಂದು ಸುತ್ತಿಗೆ ಆ ಹುಡುಗಿ ಸುಲಿದ ಕಾಲಿನಲ್ಲಿ ಇಪ್ಪತ್ತೈದು ಸುತ್ತು ಓಡಿದಳು.